ಬೆಂಗಳೂರಿನ ಕರೆಂಟು: ಲೆಕ್ಕ ಕೇಳುವ ಹಕ್ಕು ಯಾರ ಕೈಗೆಟುಕಿದೆ?

ಶಿವನಸಮುದ್ರದ ಕರೆಂಟಿನಿಂದ ಬೆಂಗಳೂರಿನ ಬೀದಿದೀಪಗಳು ಬೆಳಗಿದ್ದು 1905ರ ಆಗಸ್ಟ್‌ನಲ್ಲಿ. ಆಮೇಲೆ ದಶಕಗಳ ಕಾಲ, ಈ ಊರಿಗೆ ವಿದ್ಯುತ್ ಎಲ್ಲಿಂದ ಬರಬೇಕು, ದರ ಎಷ್ಟಿರಬೇಕು ಎಂದು ಬಳಸುವವರನ್ನು ಕೇಳುವ ಪದ್ಧತಿಯೇ ಇರಲಿಲ್ಲ. 1957ರಲ್ಲಿ ಬಂದ ವಿದ್ಯುತ್ ಮಂಡಳಿ (ಕೆಇಬಿ) ಮತ್ತು ಸರ್ಕಾರ ಸೇರಿ ತೀರ್ಮಾನಿಸುತ್ತಿದ್ದವು. ದರ ಏರಿದ್ದು ಮನೆಯವರಿಗೆ ತಿಳಿಯುತ್ತಿದ್ದುದು ಏರಿದ ಮೇಲೆಯೇ.

1999ರ ವಿದ್ಯುತ್ ಸುಧಾರಣಾ ಕಾಯ್ದೆ ಇದನ್ನು ಬದಲಿಸಿತು. ಕೆಇಬಿ ಹೋಗಿ ವಿದ್ಯುತ್ ಪ್ರಸರಣ ನಿಗಮ ಕೆಪಿಟಿಸಿಎಲ್ ಬಂತು, ಜೊತೆಗೆ ದರ ನಿಗದಿ ಮಾಡುವ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವೂ ಬಂತು. ಸುಧಾರಣೆಗೆ ಮೂಲ ಕಾರಣ ಬೆಟ್ಟದಂತೆ ಬೆಳೆದಿದ್ದ ನಷ್ಟ. ಆದರೆ ಆ ನೆಪದಲ್ಲಿ ಜನರಿಗೆ ಒಂದು ಬಾಗಿಲು ತೆರೆಯಿತು. 2002ರಲ್ಲಿ ಬೆಂಗಳೂರಿಗೆ ಕರೆಂಟು ಹಂಚುವ ಕಂಪನಿ ಬೆಸ್ಕಾಂ ಹುಟ್ಟಿತು. ಸಾರ್ವಜನಿಕರ ಸಲಹೆ, ಆಕ್ಷೇಪಣೆಗಳನ್ನು ಪರಿಗಣಿಸಿದ ಮೇಲೆಯೇ ದರ ನಿಗದಿ ಮಾಡಬೇಕೆಂದು 2003ರ ಕೇಂದ್ರ ವಿದ್ಯುತ್ ಕಾಯ್ದೆಯ 64ನೇ ಕಲಮು ಹೇಳಿತು.

ಈ ಕಲಮು ಬರೀ ಕಾಗದದಲ್ಲಿ ಉಳಿಯಲಿಲ್ಲ. ಹೊಸ ದರ ಕೋರಿ ಬೆಸ್ಕಾಂ ಆಯೋಗಕ್ಕೆ ಅರ್ಜಿ ಸಲ್ಲಿಸುತ್ತದೆ, ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ, ಯಾರು ಬೇಕಾದರೂ ಆಕ್ಷೇಪಣೆ ಬರೆಯಬಹುದು. ಕಂಪನಿ ಅದಕ್ಕೆ ಲಿಖಿತ ಉತ್ತರ ಕೊಡಬೇಕು. ಆಮೇಲೆ ವಿಚಾರಣೆ. ಕೊನೆಗೆ ಹೊರಬೀಳುವ ದರ ಆದೇಶದಲ್ಲಿ ಆಕ್ಷೇಪಣೆ, ಕಂಪನಿಯ ಉತ್ತರ, ಆಯೋಗದ ಅಭಿಪ್ರಾಯ ಮೂರೂ ದಾಖಲಾಗುತ್ತವೆ. ಮೀಟರ್ ಇಲ್ಲದ ಕೃಷಿ ಪಂಪ್‌ಸೆಟ್‌ಗಳ ಅಂದಾಜು ಬಳಕೆಯ ಮರೆಯಲ್ಲಿ ಅವಿತಿದ್ದ ನಷ್ಟದ ಲೆಕ್ಕ ಚರ್ಚೆಗೆ ಬಂದದ್ದೂ ಇಂಥ ವಿಚಾರಣೆಗಳಲ್ಲೇ. ಸರ್ಕಾರಿ ವ್ಯವಸ್ಥೆಯಲ್ಲಿ ಇಷ್ಟು ಪಾರದರ್ಶಕವಾದ ಜಾಗ ಹೆಚ್ಚಿಲ್ಲ ಎಂದೇ ನನ್ನ ಅನಿಸಿಕೆ.

ಆದರೆ ಅಲ್ಲಿಗೆ ತಲುಪುವುದು ಯಾರು? ದಪ್ಪನೆಯ ಅರ್ಜಿಯ ಕೋಷ್ಟಕಗಳನ್ನು ಓದಬೇಕು, ಅಫಿಡವಿಟ್ ಮಾಡಿಸಬೇಕು, ಕೆಲಸದ ದಿನ ಬಿಡುವು ಮಾಡಿಕೊಂಡು ಹೋಗಬೇಕು. ಕೈಗಾರಿಕಾ ಸಂಘಗಳಿಗೆ ಇದಕ್ಕೆಂದೇ ಜನರಿದ್ದಾರೆ. ರೈತ ಸಂಘಟನೆಗಳು ಬರುತ್ತವೆ, ಕೆಲವು ನಿವಾಸಿಗಳ ಸಂಘಗಳೂ ಬರುತ್ತವೆ. ವಠಾರದ ಬಾಡಿಗೆದಾರನ ಸ್ಥಿತಿ ನೋಡಿ. ಮೀಟರ್ ಮಾಲೀಕರ ಹೆಸರಲ್ಲಿದೆ, ಇವನ ಪಾಲಿಗೆ ಗೋಡೆಯ ಮೇಲೊಂದು ಸಬ್‌ಮೀಟರ್. ಸ್ವಂತ ಆರ್.ಆರ್. ನಂಬರ್, ಅಂದರೆ ಬೆಸ್ಕಾಂ ಗ್ರಾಹಕನ ಸಂಪರ್ಕ ಸಂಖ್ಯೆ, ಇಲ್ಲ. ಯೂನಿಟ್‌ಗೆ ಮಾಲೀಕರು ಹೇಳಿದಷ್ಟು ಕೊಡಬೇಕು. ಆಯೋಗ ಎಷ್ಟು ದರ ನಿಗದಿ ಮಾಡಿದೆ ಎಂಬುದು ಅವನ ಕಿವಿಗೇ ಬೀಳುವುದಿಲ್ಲ.

ಸೌರಶಕ್ತಿಯ ಕಾಲದಲ್ಲಿ ಈ ಅಂತರ ಇನ್ನಷ್ಟು ಎದ್ದು ಕಾಣುತ್ತಿದೆ. 2013ರಲ್ಲಿ ಆಯೋಗ ಚಾವಣಿಯ ಸೌರ ವಿದ್ಯುತ್ತಿಗೆ ಯೂನಿಟ್‌ಗೆ 9.56 ರೂಪಾಯಿ ನಿಗದಿ ಮಾಡಿತು, ಮರುವರ್ಷ ಬೆಸ್ಕಾಂ ನೆಟ್ ಮೀಟರಿಂಗ್ (ಮನೆಯಲ್ಲಿ ಬಳಸಿ ಉಳಿದ ಸೌರ ವಿದ್ಯುತ್ತನ್ನು ಕಂಪನಿಗೆ ಕೊಟ್ಟು ಲೆಕ್ಕ ಹೊಂದಿಸುವ ವ್ಯವಸ್ಥೆ) ಆರಂಭಿಸಿತು. ಲಾಭ ಕಂಡವರು ಸ್ವಂತ ಚಾವಣಿ, ಕೈಯಲ್ಲಿ ದುಡ್ಡು ಎರಡೂ ಇದ್ದವರು. 2024ರ ಪಿಎಂ ಸೂರ್ಯಘರ್ ಯೋಜನೆ ಮನೆಗೆ ಗರಿಷ್ಠ 78,000 ರೂಪಾಯಿ ಸಬ್ಸಿಡಿ ಕೊಡುತ್ತದೆ. ಅದಕ್ಕೂ ಮೊದಲು ಚಾವಣಿ ಬೇಕು. ಕೊಳೆಗೇರಿಯ ಶೀಟಿನ ಮನೆಯವರು ಏನು ಮಾಡಬೇಕು?

ನಗರದ ಬಿಸಿಲು ಸಾಲದೆ ತುಮಕೂರು ಜಿಲ್ಲೆಯ ಪಾವಗಡದ ಬಿಸಿಲನ್ನೂ ತಂದುಕೊಂಡಿದ್ದೇವೆ. ಅಲ್ಲಿನ 2,050 ಮೆಗಾವಾಟ್ ಸೌರ ಪಾರ್ಕಿಗೆ ಸುಮಾರು 13,000 ಎಕರೆ ಗುತ್ತಿಗೆಗೆ ಹೋಯಿತು. ಭೂಮಿಯಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಬಾಡಿಗೆ ಸಿಕ್ಕಿತು. ಅದೇ ಹೊಲಗಳಲ್ಲಿ ಕೂಲಿಗೆ ಹೋಗುತ್ತಿದ್ದವರ ಹೆಸರು ಆ ಗುತ್ತಿಗೆ ಪತ್ರಗಳಲ್ಲಿ ಇಲ್ಲ.

2023ರ ನವೆಂಬರಿನಲ್ಲಿ ಆಗಿನ ನಗರ ಪಾಲಿಕೆ ಬಿಬಿಎಂಪಿ ತನ್ನ ಹವಾಮಾನ ಕ್ರಿಯಾ ಯೋಜನೆ ಬಿಡುಗಡೆ ಮಾಡಿತು. 2050ಕ್ಕೆ ಇಂಗಾಲದ ನಿವ್ವಳ ಹೊರಸೂಸುವಿಕೆ ಸೊನ್ನೆಗೆ ಇಳಿಯಬೇಕೆಂಬುದು ಗುರಿ. ಇಷ್ಟು ದೊಡ್ಡ ಯೋಜನೆ ಬಂದ ಹೊತ್ತಿಗೆ ಪಾಲಿಕೆಯಲ್ಲಿ ಒಬ್ಬ ಚುನಾಯಿತ ಕಾರ್ಪೊರೇಟರ್ ಕೂಡ ಇರಲಿಲ್ಲ. ಅವರ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದಿತ್ತು. ನಮ್ಮ ವಾರ್ಡಿನ ಶಾಲೆಯ ಮೇಲೆ ಪ್ಯಾನೆಲ್ ಹಾಕಿ, ಅದರ ಲಾಭದಲ್ಲಿ ಪಕ್ಕದ ಕೊಳೆಗೇರಿಗೂ ಪಾಲು ಕೊಡಿ ಎಂದು ಕೇಳಬೇಕಿದ್ದವರು ಯಾರ ಬಳಿ ಹೋಗಬೇಕಿತ್ತು?

ಹೊಸ ಕಾನೂನಿಗೆ ಕಾಯಬೇಕಿಲ್ಲ. ಗ್ರಾಹಕರ ಪರ ವಾದಿಸಲು ಸೂಕ್ತ ವ್ಯಕ್ತಿಗೆ ಅಧಿಕಾರ ಕೊಡಲು 2003ರ ಕಾಯ್ದೆಯ 94ನೇ ಕಲಮು ಆಯೋಗಕ್ಕೆ ಅವಕಾಶ ನೀಡಿದೆ. ಮುಂದಿನ ದರ ವಿಚಾರಣೆಗೆ ಬಾಡಿಗೆದಾರರ ಪರ ಒಬ್ಬರನ್ನು, ಕೊಳೆಗೇರಿ ನಿವಾಸಿಗಳ ಪರ ಒಬ್ಬರನ್ನು ಆಯೋಗ ಹೀಗೆ ನೇಮಿಸಲಿ. ಬೆಸ್ಕಾಂ ಅರ್ಜಿಯ ಸಾರಾಂಶವನ್ನು ನಾಲ್ಕು ಪುಟದ ಸರಳ ಕನ್ನಡದಲ್ಲಿ ಪ್ರತಿ ಉಪವಿಭಾಗ ಕಚೇರಿಯ ಬಿಲ್ ಕೌಂಟರಿನಲ್ಲಿ ಇಡಲಿ. ಒಂದು ವಿಚಾರಣೆಯಾದರೂ ಭಾನುವಾರ ನಡೆಯಲಿ.