ಶಿರಾ ಅರಮನೆಗೆ ಯುನೆಸ್ಕೋ ಮಾನ್ಯತೆ ಸಿಗುತ್ತಾ?

‘ಸಾರ್, ಹಂಪಿಗೆ ಸಿಕ್ತು, ಬೇಲೂರಿಗೆ ಸಿಕ್ತು. ನಮ್ಮ ದಿಲಾವರ್ ಖಾನ್ ಅರಮನೆಗೆ ಯಾಕೆ ಕೊಡಲ್ಲ?’ ಶಿರಾ ಕಡೆಯವರು ಸಿಕ್ಕಾಗಲೆಲ್ಲ ಈ ಪ್ರಶ್ನೆ ಬರುತ್ತದೆ. ಹಳೆ ಕಟ್ಟಡಗಳ ಸಂರಕ್ಷಣೆ ನನ್ನ ಕೆಲಸ. ಹಾಗಾಗಿ ಯುನೆಸ್ಕೋ ನನ್ನ ಜೇಬಲ್ಲೇ ಇದೆ ಅಂತ ಕೆಲವರು ತಿಳಿದಿದ್ದಾರೆ!

ಮೊದಲು ಒಂದು ಮಾತು. ಮಾನ್ಯತೆ ಅಂದರೆ ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ ಸೇರುವುದು. ಯುನೆಸ್ಕೋದವರು ಊರೂರು ಸುತ್ತಿ ಕಟ್ಟಡ ಹುಡುಕುವುದಿಲ್ಲ. ಅರ್ಜಿ ಹಾಕಬೇಕಾದ್ದು ಕೇಂದ್ರ ಸರ್ಕಾರ. ಈಗಿನ ನಿಯಮದಲ್ಲಿ ಒಂದು ದೇಶ ವರ್ಷಕ್ಕೆ ಒಂದೇ ಕಡತ ಕಳಿಸಬಹುದು. ಅದಕ್ಕೂ ಮುಂಚೆ ಆ ಜಾಗ ಕನಿಷ್ಠ ಒಂದು ವರ್ಷ ತಾತ್ಕಾಲಿಕ ಪಟ್ಟಿಯಲ್ಲಿ, ಅಂದರೆ ಮುಂದೆ ಅರ್ಜಿ ಹಾಕಬಹುದಾದ ಜಾಗಗಳ ಪಟ್ಟಿಯಲ್ಲಿ, ಇರಬೇಕು. ಹೊಯ್ಸಳ ದೇವಾಲಯಗಳು 2014ರಲ್ಲಿ ಆ ಪಟ್ಟಿ ಸೇರಿದವು, ಮಾನ್ಯತೆ ಸಿಕ್ಕಿದ್ದು 2023ರಲ್ಲಿ. ಅಷ್ಟೊಂದು ಹೊಯ್ಸಳ ಗುಡಿಗಳಿದ್ದರೂ ಕೊನೆಗೆ ಹೋದದ್ದು ಬೇಲೂರು, ಹಳೇಬೀಡು, ಸೋಮನಾಥಪುರ ಮಾತ್ರ. ನಮ್ಮ ತುಮಕೂರು ಜಿಲ್ಲೆಯಲ್ಲೂ ಒಳ್ಳೊಳ್ಳೆ ಹೊಯ್ಸಳ ಗುಡಿಗಳಿವೆ, ಅವು ಆ ಕಡತದಲ್ಲಿಲ್ಲ.

ಕಡತ ಬಿದ್ದುಹೋಗುವುದು ಹೆಚ್ಚಾಗಿ ಹೋಲಿಕೆಯ ಅಧ್ಯಾಯದಲ್ಲಿ. ‘ನಮ್ಮ ಅರಮನೆ ಚೆನ್ನಾಗಿದೆ, ಹಳೆಯದು’ ಅಂದರೆ ಸಾಲದು. ಇಂಥದ್ದೇ ಬೇರೆ ಅರಮನೆಗಳು ಜಗತ್ತಿನಲ್ಲಿ ಎಲ್ಲೆಲ್ಲಿವೆ, ಅವುಗಳಲ್ಲಿ ಇಲ್ಲದ ಯಾವುದು ಇಲ್ಲಿದೆ ಅಂತ ತೋರಿಸಬೇಕು. ಐಕೊಮೊಸ್ ಎಂಬ ಪರಿಣಿತರ ಸಂಸ್ಥೆ ಇದನ್ನು ಕೂತು ಪರಿಶೀಲಿಸುತ್ತದೆ. ಆಗ್ರಾ ಕೋಟೆ, ಫತೇಪುರ್ ಸಿಕ್ರಿ, ದೆಹಲಿಯ ಕೆಂಪು ಕೋಟೆ ಆಗಲೇ ಪಟ್ಟಿಯಲ್ಲಿವೆ. ಮೊಘಲ್ ಶೈಲಿ ಅಂತ ಹೇಳಿಕೊಂಡು ಹೋದರೆ ಮೊದಲ ಪ್ರಶ್ನೆಯೇ ಅದು.

ಶಿರಾ ಕಥೆ ಇಲ್ಲೇ ಸ್ವಾರಸ್ಯ ಆಗುವುದು. 1687ರಿಂದ ಮೊಘಲರ ಕರ್ನಾಟಕದ ಸುಬಾಕ್ಕೆ, ಅಂದರೆ ಪ್ರಾಂತ್ಯಕ್ಕೆ, ಶಿರಾನೇ ರಾಜಧಾನಿ. 18ನೇ ಶತಮಾನದಲ್ಲಿ ಸುಬೇದಾರನಾಗಿದ್ದ ದಿಲಾವರ್ ಖಾನ್ ಇಲ್ಲಿ ಅರಮನೆ ಕಟ್ಟಿಸಿದ. ಬೆಂಗಳೂರು ಮತ್ತು ಶ್ರೀರಂಗಪಟ್ಟಣದಲ್ಲಿ ಹೈದರ್, ಟಿಪ್ಪು ಕಟ್ಟಿಸಿದ ಅರಮನೆಗಳಿಗೆ ಅದೇ ಮಾದರಿ ಅಂತ ಬ್ರಿಟಿಷ್ ಕಾಲದ ಇತಿಹಾಸಕಾರ ಬಿ.ಎಲ್. ರೈಸ್ ಬರೆದ ಮೈಸೂರು ಗೆಜೆಟಿಯರಿನಲ್ಲಿದೆ. ಶ್ರೀರಂಗಪಟ್ಟಣದ ಪಕ್ಕದ ಗಂಜಾಂ ತುಂಬಿಸಲು ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ಎಬ್ಬಿಸಿ ಒಯ್ದ ಅಂತಲೂ ಅದರಲ್ಲೇ ಇದೆ. ಮಾದರಿಯೂ ಹೋಯಿತು, ಜನರೂ ಹೋದರು. ಮೂಲ ಅರಮನೆ ಈಗ ಉಳಿದಿಲ್ಲ. ಗಟ್ಟಿಯಾಗಿ ನಿಂತಿರುವುದು 1651ರ ಮಲಿಕ್ ರಿಹಾನ್ ದರ್ಗಾ, 1696ರ ಜುಮ್ಮಾ ಮಸೀದಿ, ಅಂದರೆ ಕಲ್ಲಿನ ಕೆಲಸ.

ಅರಮನೆಗಳದ್ದು ಬೇರೆ ಪಾಡು. ಮರದ ಕಂಬ, ತೊಲೆ, ಜಂತೆ, ಮೇಲೆ ಗಾರೆ. ಸೂರು ಸೋರಿದರೆ ತೊಲೆಯ ತುದಿ ಗೋಡೆಯೊಳಗೇ ಕೊಳೆಯುತ್ತದೆ, ಹೊರಗಿನಿಂದ ಗೊತ್ತೇ ಆಗಲ್ಲ. ಗೆದ್ದಲಿನಿಂದ ಉಳಿದದ್ದನ್ನು ಮನುಷ್ಯರು ಬಿಡುವುದಿಲ್ಲ. ಶ್ರೀರಂಗಪಟ್ಟಣದ ಟಿಪ್ಪು ಅರಮನೆಯ ಮರ ಊಟಿಯ ಸೇಂಟ್ ಸ್ಟೀಫನ್ ಚರ್ಚಿಗೆ ಹೋಯಿತು. 1781ರಲ್ಲಿ ಹೈದರ್ ಶುರುಮಾಡಿ 1791ರಲ್ಲಿ ಟಿಪ್ಪು ಮುಗಿಸಿದ ಬೆಂಗಳೂರಿನ ಅರಮನೆಯಲ್ಲೂ ಒಂದು ಭಾಗ ಮಾತ್ರ ಇದೆ. ಹಾಗಾಗಿ ಆ ಬಗೆಯ ಕಟ್ಟಡ ಹೇಗಿರುತ್ತಿತ್ತು ಅಂತ ನೋಡಬೇಕಾದರೆ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೇ ಹೋಗಬೇಕು. ಅದು 1784ರದ್ದು.

ಶ್ರೀರಂಗಪಟ್ಟಣದ ಸ್ಮಾರಕಗಳು 2014ರಲ್ಲೇ ತಾತ್ಕಾಲಿಕ ಪಟ್ಟಿ ಸೇರಿವೆ. ಆದರೆ ಅಲ್ಲೂ ತೊಡಕುಗಳಿವೆ. ದರಿಯಾ ದೌಲತ್‌ನ ಪಡುಗೋಡೆಯ ಮೇಲೆ ಹೈದರ್, ಟಿಪ್ಪು ಸೇನೆ ಬ್ರಿಟಿಷರನ್ನು ಸೋಲಿಸಿದ 1780ರ ಪೊಲ್ಲಿಲೂರು ಯುದ್ಧದ ದೊಡ್ಡ ಚಿತ್ರ ಇದೆ. ಬ್ರಿಟಿಷ್ ಗವರ್ನರ್ ಜನರಲ್ ಡಾಲ್‌ಹೌಸಿ ಕಾಲದಲ್ಲಿ ಅದನ್ನು ಮತ್ತೆ ಬರೆಸಿದರು. ಹಾಗಾದರೆ ನಾವು ನೋಡುತ್ತಿರುವುದು ಟಿಪ್ಪು ಕಾಲದ ಚಿತ್ರವೋ, ಕಂಪನಿ ಕಾಲದ್ದೋ? ನನ್ನ ಪ್ರಕಾರ ಎರಡೂ. ಪರಂಪರೆಯ ಅಸಲಿತನವನ್ನು ಹೇಗೆ ಅಳೆಯಬೇಕು ಅಂತ ಹೇಳುವ 1994ರ ನಾರಾ ದಾಖಲೆ ಬಂದ ಮೇಲೆ ಇಂಥ ಪದರಗಳನ್ನು ಮುಚ್ಚಿಡಬೇಕಿಲ್ಲ. ಯಾವ ಪದರ ಯಾವ ಕಾಲದ್ದು ಅಂತ ಬಿಡಿಸಿ ಬರೆದರೆ ಕಡತದ ತೂಕ ಜಾಸ್ತಿಯಾಗುತ್ತದೆ. ಇನ್ನೊಂದು ತೊಡಕು ಅಷ್ಟು ಸುಲಭದ್ದಲ್ಲ. 2017ರಲ್ಲಿ ಜೋಡಿ ರೈಲುಹಳಿಗೆ ದಾರಿ ಮಾಡಲು ಟಿಪ್ಪು ಶಸ್ತ್ರಾಗಾರವನ್ನು ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. ಎಂಜಿನಿಯರುಗಳ ಮಟ್ಟಿಗೆ ಅದು ಸಾಹಸವೇ. ಆದರೆ ಕಟ್ಟಡಕ್ಕೂ ಅದರ ನೆಲಕ್ಕೂ ಇರುವ ನಂಟು ಪರಂಪರೆಯ ಲೆಕ್ಕದಲ್ಲಿ ದೊಡ್ಡದು. ಅದಕ್ಕೆ ಕಡತದಲ್ಲಿ ಉತ್ತರ ಕೊಡಲೇಬೇಕು.

ಮಾನ್ಯತೆ ಸಿಕ್ಕರೆ ದುಡ್ಡು ಹರಿದುಬರುತ್ತೆ ಅನ್ನೋದು ಸುಮ್ನೆ ಮಾತು. ನಿರ್ವಹಣೆ ಖರ್ಚು ನಮ್ಮದೇ. ಮೇಲೆ ನಿರ್ಬಂಧ ಬರುತ್ತದೆ. ಸೇತುವೆ ಗಲಾಟೆಯಿಂದ ಹಂಪಿ 1999ರಿಂದ 2006ರವರೆಗೆ ಅಪಾಯದ ಪಟ್ಟಿಯಲ್ಲಿತ್ತು. ಜರ್ಮನಿಯ ಡ್ರೆಸ್ಡೆನ್ ಹಟಹಿಡಿದು ಸೇತುವೆ ಕಟ್ಟಿ 2009ರಲ್ಲಿ ಪಟ್ಟಿಯಿಂದಲೇ ಹೊರಬಿತ್ತು. ಇನ್ನು 2011ರಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿದ್ದವರನ್ನು ಎಬ್ಬಿಸಿದ್ದು ಗೊತ್ತೇ ಇದೆ, ಅಲ್ವಾ? ಎಎಸ್‌ಐ, ಅಂದರೆ ಕೇಂದ್ರದ ಪುರಾತತ್ವ ಇಲಾಖೆ, ರಕ್ಷಿಸಿರುವ ಸ್ಮಾರಕದ ಸುತ್ತ 100 ಮೀಟರ್ ಹೊಸ ಮನೆ ಕಟ್ಟುವಂತಿಲ್ಲ, ಅದರಾಚೆ 200 ಮೀಟರಿಗೆ ಅನುಮತಿ ಬೇಕು. ಈ ನಿಯಮ ಶಿರಾದ ಮಸೀದಿ, ದರ್ಗಾ ಪಕ್ಕದವರಿಗೆ ಈಗಲೇ ಅನ್ವಯ. ಮಾನ್ಯತೆ ಕೇಳುವ ಮೊದಲು ಆ ಮನೆಗಳವರನ್ನು ಕೂರಿಸಿಕೊಂಡು ಮಾತಾಡಬೇಕು. ಇದನ್ನು ಯಾರೂ ಮಾಡುವುದಿಲ್ಲ.

ಹಾಗಾಗಿ ಶಿರಾದವರಿಗೆ ನಾನು ಹೇಳುವುದು ಇಷ್ಟೇ: ಒಂಟಿ ಅರ್ಜಿಯ ಆಸೆ ಬಿಡಿ. ಶ್ರೀರಂಗಪಟ್ಟಣದ ಹೋಲಿಕೆ ಅಧ್ಯಾಯಕ್ಕೆ ಶಿರಾ ಬೇಕು, ಅಲ್ಲಿ ನಮ್ಮ ಪಾಲು ಕೇಳೋಣ. ದಿಲಾವರ್ ಖಾನ್ ಅರಮನೆ ಇದ್ದ ಜಾಗದ ಸರ್ವೆ ನಂಬರ್ ಹುಡುಕಿ, ಹದ್ದುಬಸ್ತು ಮಾಡಿಸಿ, ಅಡಿಪಾಯದ ಗುರುತು ಏನಾದರೂ ಇದ್ದರೆ ಅಳತೆ ನಕ್ಷೆ ಮಾಡಿಸೋಣ. ಆ ನಕ್ಷೆಯನ್ನು ಬೆಂಗಳೂರಿನ ಟಿಪ್ಪು ಅರಮನೆಯ ನಕ್ಷೆಯ ಪಕ್ಕ ಇಟ್ಟರೆ ರೈಸ್ ಬರೆದದ್ದು ಎಷ್ಟು ನಿಜ ಅಂತ ತಿಳಿಯುತ್ತದೆ. ಜೊತೆಗೆ 1961ರ ರಾಜ್ಯ ಕಾಯ್ದೆಯಡಿ ಆ ಜಾಗವನ್ನು ರಕ್ಷಿತ ಅಂತ ಘೋಷಿಸಲು ರಾಜ್ಯ ಪುರಾತತ್ವ ಇಲಾಖೆಗೆ ಮನವಿ ಕೊಡಬಹುದು. ಇದಕ್ಕೆ ಪ್ಯಾರಿಸ್ಸಿನ ಯುನೆಸ್ಕೋ ಕಚೇರಿಯ ಅಪ್ಪಣೆ ಬೇಕಿಲ್ಲ, ತಾಲ್ಲೂಕು ಕಚೇರಿಯಿಂದ ಶುರುಮಾಡಬಹುದು.