36 ಸೆಂಟ್ ಚಿಲ್ಲರೆ, ಒಂದು ಹೆಸರು

"ಅಷ್ಟು ಹಿಂಸೆ ಇದ್ದಿದ್ದರೆ ಇಷ್ಟು ವರ್ಷ ಯಾಕೆ ಜೊತೆಗಿದ್ದೆ?"

ಕೌಟುಂಬಿಕ ಹಿಂಸೆಯ ಪ್ರಕರಣದಲ್ಲಿ ಪಾಟೀಸವಾಲು ಶುರುವಾದರೆ ಈ ಪ್ರಶ್ನೆ ಬಂದೇ ಬರುತ್ತದೆ. ಕೋರ್ಟ್ ಮೆಟ್ಟಿಲು ಹತ್ತುವ ಮೊದಲೇ ಅದನ್ನು ಅತ್ತೆ ಕೇಳಿರುತ್ತಾರೆ, ಒಡಹುಟ್ಟಿದ ಅಕ್ಕ ಕೇಳಿರುತ್ತಾಳೆ, ಠಾಣೆಯಲ್ಲೂ ಕೇಳಿರುತ್ತಾರೆ. ಮಡಿಕೇರಿಯಲ್ಲಿ ವಕೀಲಿಕೆ ಮಾಡುವ ನನಗೆ ಈ ಪ್ರಶ್ನೆ ಕೇಳಿದರೆ ಈಗಲೂ ಸಿಟ್ಟು ಬರುತ್ತದೆ. ಉತ್ತರ ಕೊಡೋಣ ಅಂದರೆ ನನ್ನ ಕಕ್ಷಿದಾರರ ಕಥೆ ಹೊರಗೆ ಹೇಳುವ ಹಾಗಿಲ್ಲ. ಹಾಗಾಗಿ ತನ್ನ ಕಥೆಯನ್ನು ತಾನೇ ಲೋಕಕ್ಕೆ ಹೇಳಿದ ಒಬ್ಬ ಹೆಣ್ಣುಮಗಳನ್ನು ನೆನೆಯುತ್ತೇನೆ. ಆಕೆ ರಾಕ್ ಗಾಯಕಿ ಟೀನಾ ಟರ್ನರ್. 1986ರಲ್ಲಿ ಪತ್ರಕರ್ತ ಕರ್ಟ್ ಲೋಡರ್ ಜೊತೆ ಸೇರಿ ಬರೆದ 'ಐ, ಟೀನಾ' ಎಂಬ ಪುಸ್ತಕದಲ್ಲಿ, ಗಿಟಾರ್ ವಾದಕ ಐಕ್ ಟರ್ನರ್ ಜೊತೆಗಿನ ಬದುಕನ್ನು ಆಕೆ ಬಿಚ್ಚಿಟ್ಟಳು.

ಅವಳ ಹುಟ್ಟುಹೆಸರು ಆನಾ ಮೇ ಬುಲಕ್. 1939ರಲ್ಲಿ ಅಮೆರಿಕದ ಟೆನೆಸೀ ರಾಜ್ಯದಲ್ಲಿ ಹುಟ್ಟಿ, ನಟ್‌ಬುಷ್ ಎಂಬ ಸಣ್ಣ ಊರಲ್ಲಿ ಬೆಳೆದವಳು. ಐಕ್ ಆಗಲೇ ಹೆಸರು ಮಾಡಿದವನು. 1951ರಲ್ಲಿ ಅವನ ತಂಡ ಧ್ವನಿಮುದ್ರಿಸಿದ ಹಾಡೊಂದನ್ನು ರಾಕ್ ಅಂಡ್ ರೋಲ್‌ನ ಮೊದಲ ಹಾಡು ಎಂದು ಕರೆಯುವವರಿದ್ದಾರೆ. ಹದಿಹರೆಯದ ಆನಾ ಅವನ ಸಂಗೀತ ಕೇಳಿ ಮೈಮರೆತಳು, ತಂಡ ಸೇರಿದಳು. 1960ರಲ್ಲಿ ಅವಳ ದನಿಯ ಹಾಡು ಗೆದ್ದಿತು. ಡಿಸ್ಕ್ ಮೇಲೆ ಬಂದ 'ಟೀನಾ ಟರ್ನರ್' ಎಂಬ ಹೆಸರನ್ನು ಐಕ್ ಇಟ್ಟಿದ್ದ, ತನ್ನ ಹಕ್ಕಿನಲ್ಲೇ ನೋಂದಾಯಿಸಿಕೊಂಡಿದ್ದ. ಅವಳು ಬಿಟ್ಟು ಹೋದರೆ ಇನ್ನೊಬ್ಬಳನ್ನು ತಂದು ಅದೇ ಹೆಸರಲ್ಲಿ ಹಾಡಿಸಬಹುದು ಎಂಬುದು ಅವನ ಲೆಕ್ಕ. ಈ ಹೆಸರು, ಈ ಪ್ರವಾಸ ನನಗೆ ಬೇಡ ಎಂದಾಗ ಅವನು ಮೊದಲ ಸಲ ಹೊಡೆದ ಎಂದು ಟೀನಾ ಹೇಳಿಕೊಂಡಿದ್ದಾಳೆ.

1962ರಲ್ಲಿ ಮದುವೆ. ಮನೆಯಲ್ಲಿ ನಾಲ್ಕು ಗಂಡುಮಕ್ಕಳು. ಒಬ್ಬ ಇಬ್ಬರ ಮಗ, ಒಬ್ಬ ಅವಳ ಹಿಂದಿನ ಸಂಬಂಧದಿಂದ ಬಂದವನು, ಇಬ್ಬರು ಅವನ ಹಿಂದಿನ ಸಂಬಂಧದವರು. ನಾಲ್ವರಿಗೂ ಅಮ್ಮ ಇವಳೇ. ವೇದಿಕೆಯಲ್ಲಿ ಜನ ನೋಡಲು ಬರುತ್ತಿದ್ದದ್ದು ಇವಳನ್ನು, ಹಣ ಹೋಗುತ್ತಿದ್ದದ್ದು ಅವನ ಕೈಗೆ.

1976ರ ಜುಲೈನಲ್ಲಿ ಡಲ್ಲಾಸ್ ನಗರದಲ್ಲಿ, ಪೆಟ್ಟು ತಿಂದ ಮುಖದಲ್ಲೇ ಅವಳು ಹೋಟೆಲಿನಿಂದ ಓಡಿದಳು. ಹೆದ್ದಾರಿ ದಾಟಿ ಇನ್ನೊಂದು ಹೋಟೆಲಿಗೆ ಹೋದಳು. ಕೈಯಲ್ಲಿದ್ದದ್ದು 36 ಸೆಂಟ್ ಚಿಲ್ಲರೆ ಮತ್ತು ಪೆಟ್ರೋಲ್ ಹಾಕಿಸುವ ಒಂದು ಕಾರ್ಡ್. ಹದಿನಾರು ವರ್ಷ ಹಾಡಿ ತಂಡವನ್ನು ಸಾಕಿದವಳ ಕೈಯಲ್ಲಿ ಒಂದು ರೂಮಿಗೆ ಕೊಡುವಷ್ಟು ಹಣ ಇರಲಿಲ್ಲ! ಯಾಕೆ ಇಷ್ಟು ವರ್ಷ ಜೊತೆಗಿದ್ದೆ ಎಂದು ಕೇಳುವವರು ಮೊದಲು ಇದನ್ನು ನೋಡಬೇಕು. ಪ್ರೀತಿ ಇತ್ತೋ ಇಲ್ಲವೋ ಎಂಬುದು ಆಮೇಲಿನ ಮಾತು. ಹೊರಡುವ ದಿನ ಅವಳ ಕೈಯಲ್ಲಿ ಏನಿತ್ತು?

ನಮ್ಮ ಕಾನೂನು ಈ ವಿಷಯ ಅರ್ಥಮಾಡಿಕೊಂಡಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದರ 3ನೇ ಸೆಕ್ಷನ್ ದೈಹಿಕ, ಲೈಂಗಿಕ, ಮಾತಿನ ಮತ್ತು ಮಾನಸಿಕ ಹಿಂಸೆಯ ಜೊತೆ ಆರ್ಥಿಕ ಹಿಂಸೆಯನ್ನೂ ಹಿಂಸೆ ಎಂದೇ ಕರೆಯುತ್ತದೆ. ಈ ಕಾಯ್ದೆಯಡಿ ದೂರು ಬರೆದುಕೊಳ್ಳುವ ಸರ್ಕಾರಿ ಅಧಿಕಾರಿಯನ್ನು ರಕ್ಷಣಾಧಿಕಾರಿ ಅನ್ನುತ್ತಾರೆ. ಅವರು ತುಂಬುವ ನಮೂನೆಯಲ್ಲಿ ಸಂಬಳ, ಆದಾಯ, ಕೂಲಿಯನ್ನು ಬಲವಂತವಾಗಿ ಕಿತ್ತುಕೊಂಡದ್ದಕ್ಕೆ ಬೇರೆಯೇ ಸಾಲು ಇದೆ. ನನ್ನ ಬಳಿ ಬರುವ ಹೆಚ್ಚಿನ ಹೆಣ್ಣುಮಕ್ಕಳು ಆ ಸಾಲನ್ನು ಖಾಲಿ ಬಿಡುತ್ತಾರೆ. "ಮೇಡಂ, ಅದೆಲ್ಲ ಮನೆ ವ್ಯವಹಾರ ಅಲ್ವಾ?" ಅನ್ನುತ್ತಾರೆ.

ಮನೆ ವ್ಯವಹಾರ ಅಂದರೆ ಏನು ನೋಡೋಣ. ಕೊಡಗಿನಲ್ಲಿ ಹೋಂಸ್ಟೇ ನಡೆಸುವ ಎಷ್ಟೋ ಮನೆಗಳಲ್ಲಿ ಬೆಳಿಗ್ಗೆ ನೂಲ್‌ಪುಟ್ಟು, ಮಧ್ಯಾಹ್ನ ಕಡಂಬುಟ್ಟು, ಪಂದಿಕರಿ ಮಾಡುವುದು ಹೆಂಡತಿ. ರೂಮು ಗುಡಿಸುವುದು, ಹಾಸಿಗೆ ಬಟ್ಟೆ ಒಗೆಯುವುದು, ಬುಕಿಂಗ್ ಫೋನಿಗೆ ಉತ್ತರ ಕೊಡುವುದು ಎಲ್ಲ ಅವಳೇ. ಕೌಂಟರ್ ಮೇಲಿನ ಕ್ಯೂಆರ್ ಕೋಡ್ ಮಾತ್ರ ಗಂಡನ ಖಾತೆಯದ್ದು. ತೋಟದಲ್ಲೂ ಹಾಗೆ. ಕುಯ್ಲಿನ ತಿಂಗಳುಗಳಲ್ಲಿ ಆಳುಗಳ ಲೆಕ್ಕ, ಕಣದಲ್ಲಿ ಕಾಫಿ ಒಣಗಿಸುವುದು ಅವಳ ಪಾಲು. ಕಾಫಿ, ಮೆಣಸು ಮಾರಿದ ಹಣ ಎಷ್ಟು ಬಂತು ಎಂಬುದು ಅವಳಿಗೆ ಗೊತ್ತಿಲ್ಲ. ಲೈನ್ ಮನೆಯಲ್ಲಿರುವ ಕಾರ್ಮಿಕ ಮಹಿಳೆಯ ವಾರದ ಕೂಲಿ ಗಂಡನ ಕೈಗೇ ಹೋಗುವುದೂ ಇದೇ. ಮನಸ್ಸಿದ್ದು ಕೊಟ್ಟರೆ ಅದು ಬೇರೆ ಮಾತು. ಕೇಳಿದರೆ ಪೆಟ್ಟು ಬೀಳುತ್ತದೆ ಅಂದರೆ ಅದು ಹಿಂಸೆ. ಆ ಸಾಲು ತುಂಬಿಸಿ.

ಒಡವೆಯ ಮಾತೂ ಹೀಗೆ. ಪತ್ತಾಕ್, ಜೋಮಾಲೆ ಲಾಕರಿನಲ್ಲಿದೆ, ಕೀಲಿ ಅವರ ಹತ್ತಿರ ಇದೆ ಅಂತ ಸುಮ್ನೆ ಇರಬೇಡಿ. ಸ್ತ್ರೀಧನ ವಾಪಸ್ ಕೊಡಿಸಲು ಅದೇ ಕಾಯ್ದೆಯ 19ನೇ ಸೆಕ್ಷನ್ನಿನಲ್ಲಿ ದಾರಿ ಇದೆ. ಇನ್ನು, "ಮನೆ ಮಾವನ ಹೆಸರಿನಲ್ಲಿದೆ, ಜಾಗ ಒಕ್ಕದ್ದು (ಮನೆತನದ್ದು), ನಿನಗೇನು ಇಲ್ಲಿ?" ಎಂಬ ಮಾತು. ಮನೆಯ ಒಡೆತನ ಬೇರೆ, ಅಲ್ಲಿ ವಾಸಿಸುವ ಹಕ್ಕು ಬೇರೆ. ಗಂಡನ ಹೆತ್ತವರ ಹೆಸರಿನ ಮನೆಯೂ ಸೊಸೆ ಸಂಸಾರ ಮಾಡಿದ ಮನೆಯಾಗಿದ್ದರೆ ಅವಳು ವಾಸದ ಹಕ್ಕು ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2020ರ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಹೇಳಿದೆ.

ಟೀನಾಳ ವಿಚ್ಛೇದನ 1978ರಲ್ಲಿ ಮುಗಿಯಿತು. ಒಪ್ಪಂದದಲ್ಲಿ ಅವಳು ಹಟ ಹಿಡಿದದ್ದು ಒಂದಕ್ಕೆ, ಟೀನಾ ಟರ್ನರ್ ಎಂಬ ಹೆಸರಿಗೆ. ರದ್ದಾದ ಕಾರ್ಯಕ್ರಮಗಳ ಸಾಲವನ್ನು ತಲೆಮೇಲೆ ಹೊತ್ತುಕೊಂಡಳು, ಹೆಸರು ಬಿಡಲಿಲ್ಲ. ಅದು ಭಾವುಕತೆ ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ. ಜನ ಟಿಕೆಟ್ ಕೊಳ್ಳುತ್ತಿದ್ದದ್ದು ಆ ಹೆಸರಿಗೆ. 1984ರಲ್ಲಿ ಅವಳ 'ಪ್ರೈವೇಟ್ ಡ್ಯಾನ್ಸರ್' ಆಲ್ಬಮ್ ಜಗತ್ತೆಲ್ಲ ಮಾರಾಟವಾಯಿತು. ಮುಂದಿನ ವರ್ಷ ಗ್ರ್ಯಾಮಿ ಪ್ರಶಸ್ತಿಗಳು ಬಂದವು. ಆಗ ಅವಳ ವಯಸ್ಸು 45.

ಹಾಗಾಗಿ ರಾಜಿ ಮಾತುಕತೆಗೆ ಕೂತಾಗ ನಾನು ಚಿನ್ನ, ಹಣದ ಜೊತೆ ಇನ್ನೊಂದು ಪಟ್ಟಿ ಕೇಳುತ್ತೇನೆ. ಹೋಂಸ್ಟೇ ಹೆಸರು ಯಾರದ್ದು? ಗೂಗಲ್ ಮ್ಯಾಪ್‌ನಲ್ಲಿ ಬರುವ ಪುಟದ ಪಾಸ್‌ವರ್ಡ್ ಯಾರ ಬಳಿ? ಗ್ರಾಹಕರಿಗೆ ಗೊತ್ತಿರುವ ಫೋನ್ ನಂಬರ್ ಯಾರ ಹೆಸರಿನಲ್ಲಿದೆ? ಮನೆಯಲ್ಲೇ ವೈನ್, ಮಸಾಲೆ ಪುಡಿ, ಚಾಕೊಲೇಟ್ ಮಾಡಿ ಮಾರುವವರಿಗೂ ಇದೇ ಪ್ರಶ್ನೆ. ಸಂಗೀತದವರಾದರೆ ಹಾಡಿನ ಸಾಹಿತ್ಯ ಬರೆದವರು, ಹಾಡಿದವರು ಯಾರು ಎಂಬುದು ದಾಖಲೆಯಲ್ಲಿರಬೇಕು. 2012ರಲ್ಲಿ ತಿದ್ದುಪಡಿಯಾದ ಕೃತಿಸ್ವಾಮ್ಯ ಕಾಯ್ದೆ ಬರೆದವರಿಗೂ ಹಾಡಿದವರಿಗೂ ರಾಯಲ್ಟಿ ಹಕ್ಕು ಕೊಟ್ಟಿದೆ. ಪ್ರೀತಿಯಲ್ಲಿರುವಾಗ ಯಾರೂ ಇದನ್ನು ಬರೆದಿಡುವುದಿಲ್ಲ. ಬರೆದಿಡಿ ಎಂದು ಬೇಡಿಕೊಳ್ಳುತ್ತೇನೆ.

ಬಂದವರಿಗೆಲ್ಲ ನಾನು ಮೊದಲು ಹೇಳುವುದೂ ಇದನ್ನೇ. ಒಂದು ನೋಟ್‌ಬುಕ್ ತೆಗೆದುಕೊಂಡು ನಡೆದದ್ದನ್ನು ನಿಮ್ಮ ಮಾತಲ್ಲೇ ಬರೆಯಿರಿ. ತಾರೀಕು ನೆನಪಿಲ್ಲದಿದ್ದರೆ ಪುತ್ತರಿ ಹಬ್ಬ ಆದ ಮೇಲೆ, ಮಗಳಿಗೆ ಜ್ವರ ಬಂದ ವಾರ, ಕಾಫಿ ಹೂ ಬಿಟ್ಟ ಸಮಯ ಅಂತ ಬರೆದರೂ ಆಯಿತು. ಅಂಥ ಗುರುತು ಹಿಡಿದು ತಾರೀಕು ಹುಡುಕಬಹುದು. ಆಮೇಲೆ ಒಳ್ಳೆಯ ದಿನಗಳನ್ನೂ ಬರೆಯಿರಿ. ಇದನ್ನು ಕೇಳಿ ಹಲವರು ಬೆಚ್ಚುತ್ತಾರೆ. ಅವನು ಒಳ್ಳೆಯವನಾಗಿದ್ದ ದಿನ ಬರೆದರೆ ಕೇಸು ಬಿದ್ದುಹೋಗುವುದಿಲ್ಲವೇ ಎಂದು ಕೇಳುತ್ತಾರೆ. ಇಲ್ಲ. ಮೊದಲ ದಿನದಿಂದ ಎಲ್ಲವೂ ನರಕ ಎಂದು ಬರೆದ ಅರ್ಜಿಯೇ ಬೀಳುವುದು. ನೀವಿಬ್ಬರೂ ತಲಕಾವೇರಿಗೆ ಹೋಗಿ ನಗುತ್ತಾ ತೆಗೆಸಿಕೊಂಡ ಫೋಟೋವನ್ನು ಎದುರಿನ ವಕೀಲರು ಮುಂದಿಟ್ಟು, ಇದು ಸುಳ್ಳೇ ಎಂದು ಕೇಳುತ್ತಾರೆ. ಫೋಟೋದ ದಿನವೂ ನಿಜ, ಪೆಟ್ಟು ಬಿದ್ದ ದಿನವೂ ನಿಜ. ಟೀನಾ ಅವನ ಸಂಗೀತವನ್ನು ಮೆಚ್ಚಿದ್ದನ್ನು ಮುಚ್ಚಿಡಲಿಲ್ಲ. ಅದಕ್ಕೇ ಉಳಿದದ್ದನ್ನೂ ಜನ ನಂಬಿದರು.

ಕೊಡಗಿನಲ್ಲಿ ಸಾಕ್ಷಿ ಸಿಗುವುದು ನಿಜಕ್ಕೂ ಕಷ್ಟ. ತೋಟದ ಮನೆಗಳು ದೂರ ದೂರ, ಕೂಗಿದರೆ ಕೇಳಿಸುವಷ್ಟು ಹತ್ತಿರ ಯಾರೂ ಇರುವುದಿಲ್ಲ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಆಸ್ಪತ್ರೆಗೆ ಹೋದರೂ ಹೇಳುವುದು ಒಂದೇ ಮಾತು, "ಪಾಚಿಯಲ್ಲಿ ಜಾರಿಬಿದ್ದೆ." ಈ ಊರಿನ ಮಳೆಗೆ ಅದನ್ನು ಯಾರೂ ಅನುಮಾನಿಸುವುದಿಲ್ಲ. ಡಾಕ್ಟರ ಚೀಟಿಯಲ್ಲಿ ಹಾಗೆಯೇ ಬರೆದಾಗುತ್ತದೆ. ಎರಡು ವರ್ಷದ ನಂತರ ಕೋರ್ಟಿನಲ್ಲಿ ಆ ಚೀಟಿಯೇ ನಿಮ್ಮ ವಿರುದ್ಧ ನಿಲ್ಲುತ್ತದೆ. ದೂರು ಕೊಡುವುದು ಬೇಡ ಅನಿಸಿದರೂ ಡಾಕ್ಟರ ಹತ್ತಿರ ನಿಜ ಹೇಳಿ. ವಾಟ್ಸಾಪ್ ಮೆಸೇಜ್, ವಾಯ್ಸ್ ನೋಟ್ ಅಳಿಸಬೇಡಿ, ಫೋನ್ ಬದಲಿಸಿದರೂ ಹಳೆಯದನ್ನು ಎತ್ತಿಡಿ. ಹೊಸ ಸಾಕ್ಷ್ಯ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರದ ಜೊತೆ ಅವನ್ನು ಕೋರ್ಟಿಗೆ ಕೊಡಬಹುದು.

ಐಕ್ ಕೂಡ 1999ರಲ್ಲಿ ತನ್ನ ಆತ್ಮಕಥೆ ಹೊರತಂದ. ಕೆನ್ನೆಗೆ ಹೊಡೆದದ್ದು ಹೌದು, ಗುದ್ದಿ ಕೆಡವಿದ್ದೂ ಉಂಟು, ಆದರೆ ಅವಳನ್ನು ಬಡಿದವನು ನಾನಲ್ಲ ಎಂಬುದು ಅದರಲ್ಲಿ ಅವನ ವಾದ. ಇಲ್ಲಿನ ಗಂಡಂದಿರು ಕೋರ್ಟಿಗೆ ಕೊಡುವ ಆಕ್ಷೇಪಣೆಗಳಲ್ಲೂ ಇದನ್ನೇ ಓದುತ್ತೇನೆ. ಕೋಪದಲ್ಲಿ ಒಂದೆರಡು ಏಟು, ಅಷ್ಟೇ ಅಂತೆ. ಕಾನೂನಿನಲ್ಲಿ "ಅಷ್ಟೇ" ಎಂಬ ವಿನಾಯಿತಿ ಇಲ್ಲ. ಆ ಒಪ್ಪಿಗೆಯನ್ನೇ ನಾನು ಕೆಂಪು ಗೆರೆ ಎಳೆದು ಮ್ಯಾಜಿಸ್ಟ್ರೇಟರ ಮುಂದಿಡುತ್ತೇನೆ.

ಮದುವೆಯಾಗದೆ ಜೊತೆಗಿದ್ದವರ ವಿಷಯ ಸ್ವಲ್ಪ ಹೇಳಬೇಕು. ಬೆಂಗಳೂರಿನಲ್ಲಿ ಬ್ಯಾಂಡ್ ಹುಡುಗನ ಜೊತೆ ಮನೆ ಮಾಡಿಕೊಂಡಿದ್ದು, ಎಲ್ಲ ಮುರಿದು ಊರಿಗೆ ಬಂದ ಹುಡುಗಿಗೆ ಮೊದಲು ಕಾಡುವುದು ನಾಚಿಕೆ. ತಾಳಿಯೇ ಇಲ್ಲ, ಇನ್ನು ಕೇಸ್ ಎಲ್ಲಿಯದು ಅಂದುಕೊಳ್ಳುತ್ತಾಳೆ. ಮದುವೆಯಂಥ ಸಂಬಂಧವೂ ಈ ಕಾಯ್ದೆಯೊಳಗೆ ಬರುತ್ತದೆ. ಆದರೆ ಷರತ್ತುಗಳಿವೆ. ಸುಪ್ರೀಂ ಕೋರ್ಟಿನ 2010ರ ವೇಲುಸಾಮಿ ತೀರ್ಪಿನ ಪ್ರಕಾರ ಇಬ್ಬರೂ ಮದುವೆಯಾಗಲು ಅರ್ಹರಾಗಿರಬೇಕು, ಸಾಕಷ್ಟು ಕಾಲ ಒಂದೇ ಮನೆಯಲ್ಲಿ ಗಂಡ ಹೆಂಡಿರಂತೆ ನಾಲ್ಕು ಜನರ ಎದುರು ಬಾಳಿರಬೇಕು. ಅವನಿಗೆ ಮೊದಲೇ ಮದುವೆಯಾಗಿದ್ದು ಅದು ನಿಮಗೆ ಗೊತ್ತಿದ್ದರೆ ಪರಿಹಾರ ಸಿಗುವುದು ಕಷ್ಟ. 2013ರ ಇಂದ್ರಾ ಶರ್ಮಾ ಪ್ರಕರಣದಲ್ಲಿ ಹಾಗೇ ಆಯಿತು. ಬಾಡಿಗೆ ಕರಾರು, ಗ್ಯಾಸ್ ಬಿಲ್, ಇಬ್ಬರೂ ಹಣ ಹಾಕಿದ ಲೆಕ್ಕ ಇದ್ದರೆ ತನ್ನಿ.

ಕೆಲವರು ಆ ನೋಟ್‌ಬುಕ್ಕನ್ನೇ ಪುಸ್ತಕ ಮಾಡಬೇಕು ಅನ್ನುತ್ತಾರೆ. ನನಗೆ ತುಂಬಾ ಖುಷಿಯಾಗುತ್ತದೆ, ಎಚ್ಚರವನ್ನೂ ಹೇಳುತ್ತೇನೆ. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ನಿನಲ್ಲಿದೆ, ಎರಡು ವರ್ಷದವರೆಗೆ ಸಜೆ ಆಗಬಹುದು. ಬರೆದದ್ದು ನಿಜ ಅಂದರೆ ಸಾಲದು, ಅದು ಸಾರ್ವಜನಿಕ ಹಿತಕ್ಕಾಗಿ ಎಂದೂ ತೋರಿಸಬೇಕು. ಹಾಗಂತ ಬಾಯಿ ಮುಚ್ಚಿಕೊಳ್ಳಬೇಕಿಲ್ಲ. ಲೈಂಗಿಕ ಕಿರುಕುಳದ ಬಗ್ಗೆ ಬರೆದದ್ದಕ್ಕೆ ಮಾನಹಾನಿ ಕೇಸು ಎದುರಿಸಿದ ಪತ್ರಕರ್ತೆ ಪ್ರಿಯಾ ರಮಣಿ ಅವರನ್ನು 2021ರ ಫೆಬ್ರುವರಿಯಲ್ಲಿ ದೆಹಲಿಯ ಕೋರ್ಟ್ ಖುಲಾಸೆ ಮಾಡುವಾಗ, ಹೆಣ್ಣು ತನ್ನ ನೋವನ್ನು ದಶಕಗಳ ನಂತರವೂ ತನಗೆ ಬೇಕಾದ ವೇದಿಕೆಯಲ್ಲಿ ಹೇಳಬಹುದು ಎಂದಿತು. ಮಕ್ಕಳ ಹೆಸರು ತೆಗೆಯಿರಿ, ಕೇಳಿದ ಮಾತನ್ನು ಕಂಡದ್ದೆಂದು ಬರೆಯಬೇಡಿ, ಅಚ್ಚಿಗೆ ಕೊಡುವ ಮೊದಲು ವಕೀಲರೊಬ್ಬರಿಗೆ ಓದಲು ಕೊಡಿ.

ಈಗ ಕಷ್ಟದಲ್ಲಿರುವವರಿಗೆ ಪುಸ್ತಕ ಆಮೇಲೆ. ತುರ್ತಿದ್ದರೆ 112, ಮಹಿಳಾ ಸಹಾಯವಾಣಿ 181. ಕರ್ನಾಟಕದಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸಿಡಿಪಿಒಗಳೇ (ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ) ರಕ್ಷಣಾಧಿಕಾರಿಗಳು. ಅವರ ಬಳಿ ಹೋಗಿ ಹೇಳಿದರೆ ವರದಿ ಬರೆದುಕೊಂಡು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ಅರ್ಜಿ ಹಾಕಿದ ಮೇಲೆ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ಆಗಬೇಕು ಎಂದು ಕಾಯ್ದೆ ಹೇಳುತ್ತದೆ. ನಾಲ್ಕು ಜನರ ಮುಂದೆ ಹೇಳಲು ಕಷ್ಟವಾದರೆ 16ನೇ ಸೆಕ್ಷನ್ ಪ್ರಕಾರ ಮುಚ್ಚಿದ ಬಾಗಿಲಿನೊಳಗೆ ವಿಚಾರಣೆ ಕೇಳಿ. ವಕೀಲರಿಗೆ ಕೊಡಲು ಹಣ ಇಲ್ಲ ಎಂದು ಹಿಂದೆ ಸರಿಯಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಅದರ ಸಹಾಯವಾಣಿ 15100. ಬರುವಾಗ ಆ ನೋಟ್‌ಬುಕ್ ತನ್ನಿ. ಬರೆಯಲು ಬಾರದಿದ್ದರೆ ಹಾಗೆಯೇ ಬನ್ನಿ, ನೀವು ಹೇಳಿ, ನಾವು ಬರೆದುಕೊಳ್ಳುತ್ತೇವೆ.