ಬಾಲ ಒಂದೇ ಅಂತ ಉಚ್ಚಾರಣೆನೂ ಒಂದೇ ಅನ್ಕೋಬೇಡಿ

ಸ್ಪೋಕನ್ ಇಂಗ್ಲಿಷ್ ಹೇಳ್ಕೊಡೋ ಕೆಲಸದಲ್ಲಿ ನಾನು ಅತಿ ಹೆಚ್ಚು ಸಲ ಕೇಳಿರೋ ತಪ್ಪು ಯಾವ್ದು ಗೊತ್ತಾ, "ಕಫ್". ಟಫ್ ಅಂತ ಓದ್ತಾರೆ, ಸರಿ. ರಫ್ ಅಂತ ಓದ್ತಾರೆ, ಅದೂ ಸರಿ. ಮುಂದಿನ ಪದ ಸಿ ಓ ಯು ಜಿ ಎಚ್, ಅದೇ ಐದಕ್ಷರ, ಅದೇ ಬಾಲ, ಅದಕ್ಕೆ ಧೈರ್ಯವಾಗಿ ಕಫ್ ಅಂದ್ಬಿಡ್ತಾರೆ. ಅರ್ಥನೂ ಕೆಮ್ಮು ಅಂತ ಇರೋದ್ರಿಂದ ನಮ್ಮ ಕನ್ನಡದ ಕಫನೂ ಬಂದು ಪಕ್ಕದಲ್ಲಿ ನಿಂತು ಹೌದೌದು ಅಂತ ಸಾಕ್ಷಿ ಹೇಳುತ್ತೆ, ಪಾಪ ಅವ್ರಾದ್ರೂ ಏನ್ಮಾಡ್ತಾರೆ. ಅದು ಕಾಫ್. ಸರಿ, ಈಗ ಸಿ ತೆಗೆದು ಡಿ ಹಾಕಿ ಅಂದ್ರೆ ಕೆಲವರು ಡಫ್ ಅಂತಾರೆ, ಈಗಷ್ಟೇ ಪಾಠ ಕಲಿತವರು ಡಾಫ್ ಅಂತಾರೆ, ಅದು ಎರಡೂ ಅಲ್ಲ, ಡೋ, ಕಲಸಿದ ಹಿಟ್ಟು. ಬಿ ಹಾಕಿದ್ರೆ ಬೌ, ಮರದ ಕೊಂಬೆ. ಐದು ಪದ, ಬದಲಾಗಿದ್ದು ಮೊದಲಕ್ಷರ ಮಾತ್ರ, ದನಿ ನೋಡಿದ್ರೆ ನಾಲ್ಕು ಥರ.

ಕನ್ನಡದಲ್ಲಿ ಕಾಗುಣಿತ ಬಂತು ಅಂದ್ರೆ ಓದು ಬಂದಂಗೆ, ಬರೆದಿದ್ದನ್ನ ಹೆಚ್ಚುಕಮ್ಮಿ ಹಾಗೇ ಅಂದ್ರೆ ಆಯ್ತು. ಆ ನಂಬಿಕೆನ ಇಂಗ್ಲಿಷ್‌ಗೂ ತಗೊಂಡು ಹೋಗ್ತೀವಿ, ಅಲ್ಲೇ ಎಡವೋದು. ಇಂಗ್ಲಿಷ್ ಸ್ಪೆಲಿಂಗ್ ಹಳೇ ಕಾಲದ್ದು, ಮಾತು ಈಗಿನದ್ದು. ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿಗೆ ಮುದ್ರಣಯಂತ್ರ ತಂದಿದ್ದು 1476ರಲ್ಲಿ, ಅಲ್ಲಿಂದ ಮುಂದೆ ಸ್ಪೆಲಿಂಗ್ ನಿಧಾನಕ್ಕೆ ಗಟ್ಟಿಯಾಗ್ತಾ ಬಂತು, ಆದ್ರೆ ಜನ ಮಾತಾಡೋ ರೀತಿ ಮಾತ್ರ ಬದಲಾಗ್ತಾನೇ ಇತ್ತು. ಆ ಜಿ ಎಚ್ ಇದ್ಯಲ್ಲ, ಅದು ಒಂದು ಕಾಲಕ್ಕೆ ಗಂಟಲಿಂದ ಬರೋ ನಿಜವಾದ ದನಿ, ಜರ್ಮನ್‌ನವರು ರಾತ್ರಿಗೆ ನಾಖ್ಟ್ ಅಂತಾರಲ್ಲ ಆ ಥರ. ಆಮೇಲೆ ಕೆಲವು ಪದದಲ್ಲಿ ಫ್ ಆಯ್ತು, ಕೆಲವುದರಲ್ಲಿ ಪೂರ್ತಿ ಮಾಯ ಆಯ್ತು, ಅಕ್ಷರ ಮಾತ್ರ ಖಾಲಿ ಮನೆ ಥರ ಉಳ್ಕೊಂಡಿದೆ.

ನನಗೆ ಇಷ್ಟವಾದ ಉದಾಹರಣೆ ಅಂದ್ರೆ ಓ ಓ ಡಿ. ಐದಕ್ಷರದ ನಾಲ್ಕು ಪದ ತಗೊಳ್ಳಿ: ಬ್ಲಡ್, ಫ್ಲಡ್, ಸ್ಟುಡ್, ಬ್ರೂಡ್. ಕೊನೇ ಮೂರಕ್ಷರ ಎಲ್ಲದರಲ್ಲೂ ಒಂದೇ, ಆದ್ರೆ ಒಂದು ಕಡೆ ಅ, ಒಂದು ಕಡೆ ಉ, ಇನ್ನೊಂದು ಕಡೆ ಊ. ಇದು ಸುಮ್ನೆ ಆಗಿದ್ದಲ್ಲ. ಮೂಲದಲ್ಲಿ ಇವೆಲ್ಲಕ್ಕೂ ದೀರ್ಘ ಓ ಇತ್ತು, ಅದಕ್ಕೇ ಎರಡು ಓ. ಆಮೇಲೆ ಸುಮಾರು 1400ರಿಂದ 1700ರವರೆಗೆ ಇಂಗ್ಲಿಷ್ ದೀರ್ಘ ಸ್ವರಗಳೆಲ್ಲ ಜಾಗ ಬದಲಿಸಿದ್ವು, ಗ್ರೇಟ್ ವವೆಲ್ ಶಿಫ್ಟ್ ಅಂತಾರೆ ಇದಕ್ಕೆ, ಆಗ ಓ ಹೋಗಿ ಊ ಆಯ್ತು. ಬ್ರೂಡ್, ಫೂಡ್, ಮೂಡ್ ಅಲ್ಲೇ ನಿಂತ್ಕೊಂಡ್ವು. ಬ್ಲಡ್, ಫ್ಲಡ್ ಬೇಗ ಹ್ರಸ್ವ ಆಗಿ, ಹ್ರಸ್ವ ಉ ಹೋಗಿ ಅ ಆಗೋ ಇನ್ನೊಂದು ಬದಲಾವಣೆ ಬಂದಾಗ ಅದಕ್ಕೂ ಸಿಕ್ಕಿಹಾಕ್ಕೊಂಡ್ವು. ಗುಡ್, ಸ್ಟುಡ್ ಲೇಟಾಗಿ ಹ್ರಸ್ವ ಆದ್ವು, ಅಷ್ಟೊತ್ತಿಗೆ ಆ ಬಸ್ ಹೊರಟೋಗಿತ್ತು, ಅದಕ್ಕೇ ಉ ಆಗೇ ಉಳಿದ್ವು. ಇದನ್ನ ಒಂದ್ಸಲ ಹೇಳಿದ್ರೆ ಕ್ಲಾಸಲ್ಲಿ ಯಾರೂ ಮರೆಯಲ್ಲ.

ಲವ್, ಮೂವ್, ರೋವ್ ಕೂಡ ನಾಲ್ಕಕ್ಷರ, ಅದೇ ಬಾಲ, ಮೂರು ದನಿ. ಇಂಥದ್ದಕ್ಕೆ ಐ ರೈಮ್ ಅಂತಾರೆ, ಕಣ್ಣಿಗೆ ಪ್ರಾಸ, ಕಿವಿಗೆ ಅಲ್ಲ. ಬಾಮ್, ಕೋಮ್, ಟೂಮ್ ಹಾಗೇನೇ, ಕೊನೇ ಬಿ ಯಾವುದರಲ್ಲೂ ಕೇಳಿಸಬಾರದು.

ಇದಕ್ಕೇ ನನಗೆ ಆ ರೈಮಿಂಗ್ ವರ್ಡ್ಸ್ ಚಾರ್ಟ್ ಕಂಡ್ರೆ ಆಗಲ್ಲ. ಕ್ಯಾಟ್, ಬ್ಯಾಟ್, ಮ್ಯಾಟ್ ತನಕ ಓಕೆ, ಅದಾದ್ಮೇಲೂ ಬಾಲ ನೋಡಿ ಗುಂಪು ಮಾಡಿದ್ರೆ ಫೂಡೂ ಗುಡ್ಡೂ ಒಂದೇ ಸಾಲಲ್ಲಿ ಬಂದು ಕೂರ್ತವೆ. ನಾನು ಉಲ್ಟಾ ಮಾಡಿಸ್ತೀನಿ, ಪದದ ಪಕ್ಕ ಕನ್ನಡದಲ್ಲಿ ಉಚ್ಚಾರಣೆ ಬರೀರಿ, ಆ ಕನ್ನಡ ನೋಡಿ ಗುಂಪು ಮಾಡಿ ಅಂತೀನಿ. ಕನ್ನಡದಲ್ಲಿ ಬರೆದು ಕಲಿತ್ರೆ ಇಂಗ್ಲಿಷ್ ಕೆಡುತ್ತೆ ಅನ್ನೋರಿದ್ದಾರೆ, ನಾನು ಒಪ್ಪಲ್ಲ, ಉ ಬೇರೆ ಊ ಬೇರೆ ಅಂತ ತೋರಿಸೋಕೆ ನಮ್ಮ ಲಿಪಿಯಷ್ಟು ಸಲೀಸಾದ್ದು ಯಾವ್ದಿದೆ ಹೇಳಿ. ರೋಸ್, ಡೋಸ್ ಥರದ ಕಡೆ ಮಾತ್ರ ಸ್ವಲ್ಪ ಕಷ್ಟ, ರೋಸ್‌ನ ಕೊನೇ ದನಿ ಝಡ್‌ನದ್ದು, ಅದಕ್ಕೆ ನಮ್ಮಲ್ಲಿ ಸರಿಯಾದ ಅಕ್ಷರ ಇಲ್ಲ, ಅಲ್ಲಿ ಬಾಯಲ್ಲೇ ಹೇಳಿಕೊಡ್ಬೇಕು.

ಹಾಗಂತ ನಿಯಮಾನೇ ಇಲ್ಲ ಅಂತಲ್ಲ, ಬಾಲ ಬಿಟ್ಟು ತಲೆ ನೋಡಿ. ಬ್ಯಾಚ್, ಕ್ಯಾಚ್, ಮ್ಯಾಚ್, ಪ್ಯಾಚ್, ಆದ್ರೆ ಡಬ್ಲ್ಯು ಬಂದ್ರೆ ವಾಚ್. ಫಾರ್ಕ್, ಕಾರ್ಕ್, ಆದ್ರೆ ವರ್ಕ್. ಎಫ್ ಓ ಆರ್ ಎಂ ಫಾರ್ಮ್, ಆದ್ರೆ ವರ್ಮ್. ಡಬ್ಲ್ಯು ತನ್ನ ಪಕ್ಕದ ಸ್ವರಾನ ಎಳೆದಾಡುತ್ತೆ. ತಮಾಷೆ ಏನಂದ್ರೆ ವಾಚನ್ನ ವ್ಯಾಚ್ ಅಂದವರನ್ನ ನಾನು ಇವತ್ತಿನವರೆಗೂ ನೋಡಿಲ್ಲ, ಯಾಕಂದ್ರೆ ಆ ಪದ ನಮಗೆ ಪುಸ್ತಕದಿಂದಲ್ಲ, ಕಿವಿಯಿಂದ ಬಂದಿದ್ದು.

ಇದೇ ಕಿವಿ ವರ್ಡಲ್ ಅನ್ನೋ ಆನ್‌ಲೈನ್ ಪದ ಊಹಿಸೋ ಆಟ ಆಡೋವಾಗ ಕೈ ಕೊಡುತ್ತೆ. ಅದೇ, ಜೋಶ್ ವಾರ್ಡಲ್ ಮಾಡಿದ್ದು, 2022ರಲ್ಲಿ ನ್ಯೂಯಾರ್ಕ್ ಟೈಮ್ಸ್‌ನವರು ಕೊಂಡ್ಕೊಂಡ್ರಲ್ಲ, ಐದಕ್ಷರ ಆರು ಚಾನ್ಸ್. ಮೂರನೇ ಸಲಕ್ಕೆ ನೈಟ್ ಅಂತ ಹಾಕಿದ್ರಿ, ಕೊನೇ ನಾಲ್ಕಕ್ಷರ ಐ ಜಿ ಎಚ್ ಟಿ ಹಸಿರಾಯ್ತು, ಅಂದ್ರೆ ಅಕ್ಷರನೂ ಸರಿ ಜಾಗನೂ ಸರಿ, ಖುಷಿ. ಆಮೇಲೆ ಫೈಟ್, ಲೈಟ್, ಮೈಟ್ ಅಂತ ಒಂದೊಂದೇ ಹಾಕಿ ಮೂರೂ ಚಾನ್ಸ್ ಕಳ್ಕೋತಾರೆ. ಅದರ ಬದಲು ಫಿಲ್ಮ್ಸ್ ಅಂತ ಹಾಕಿ, ಎಫ್, ಎಲ್, ಎಂ, ಎಸ್ ನಾಲ್ಕೂ ಒಂದೇ ಏಟಿಗೆ ಚೆಕ್ ಆಗುತ್ತೆ. ಸಿಕ್ಕ ಸುಳಿವನ್ನ ಮುಂದಿನ ಪದದಲ್ಲೂ ಬಳಸಲೇಬೇಕು ಅನ್ನೋ ಹಾರ್ಡ್ ಮೋಡ್‌ನಲ್ಲಿ ಮಾತ್ರ ಹೀಗೆ ಆಡೋಕೆ ಬಿಡಲ್ಲ. ನಾಲ್ಕೂ ಅಲ್ಲ ಅಂದ್ರೆ ದಿನಬಳಕೆಯ ಪದಗಳಲ್ಲಿ ಉಳಿದಿದ್ದು ರೈಟ್, ಟೈಟ್, ಇನ್ನೊಂದಿದೆ, ಬಹಳಷ್ಟು ಜನಕ್ಕೆ ಹೊಳೆಯೋದೇ ಇಲ್ಲ ಅದು, ಮನಸಲ್ಲಿ ನೈಟ್ ಫೈಟ್ ಲೈಟ್ ಅಂತ ಹಾಡ್ಕೊಂಡು ಹುಡುಕೋರ ಕಿವಿಗೆ ಏಟ್ ಸಿಗೋದಾದ್ರೂ ಹೇಗೆ, ಇ ಐ ಜಿ ಎಚ್ ಟಿ, ಎಂಟು.